ಮಗುಚಿದ ಗಂಟು

ಲೇಸಿನ ಅಂಚಿನ ಪುಟ್ಟ ನೂಲಕುಣಿಕೆಗಳನ್ನು, ಆ ಕಿವಿಗಳನ್ನು, ಒಂದೊಂದಾಗಿ ಎಳೆದು, ಗುಂಡುಪಿನ್ನು ಚುಚ್ಚಿ ಹಾಸಿಗೆಯ ಮೇಲೆ ಬಿಗಿಯುತ್ತಾ ಬಂದವಳು ಮೂರನೆಯ ಮೂಲೆ ಮುಟ್ಟುವಷ್ಟರಲ್ಲಿ ಹೊರಗೆ ಮತ್ತೆ ಬಾಗಿಲು ಸರಿದ ಸದ್ದಾಯಿತು. ಇನ್ನೂ ಯಾರೋ ಬಂದರು. ಕುರ್ಚಿ ಎಳೆದರು. ಗಂಡ ತಗ್ಗಿದ ದನಿಯಲ್ಲಿ, "ಗಾಡಿಯವನಿಗೆ ಹೇಳಿದ್ದೀವಿ, ಮಧ್ಯಾಹ್ನ ಬರ್ತಾನೆ" ಎನ್ನುತ್ತಿದ್ದ.

ಲೇಸಿಗೆ ಬಿಸಿ ಇಸ್ತ್ರಿ ಆಗದು, ಕಿವಿಗಳೆಲ್ಲ ಮಲಗಿಬಿಡುತ್ತವೆ. ನೀರು ಚಿಮುಕಿಸಿ, ಪಿನ್ನು ಹಾಕಿ, ತಾನಾಗಿಯೇ ಒಣಗಲು ಬಿಡಬೇಕು. ಇವತ್ತು ಅಷ್ಟು ಪುರುಸೊತ್ತಿಲ್ಲ. ಕಿಟಕಿ ತೆರೆದು ಫ್ಯಾನು ಹಾಕಿದಳು.

ತಾಯಿ ತೀರಿಕೊಂಡ ಸುದ್ದಿ ಕೇಳಿ ಬೆಳಗಿನ ಬಸ್ಸಿಗೆ ಬಂದಿಳಿದ ಅಕ್ಕನ ಮಗಳು ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಹೇಳಿದ್ದಳು: "ಚಿಕ್ಕಮ್ಮ, ಅಮ್ಮ ಮಾಡಿದ ಆ ಲೇಸಿನ ಹೊದಿಕೆ ಇದೆಯಲ್ಲ, ಅದನ್ನೇ ಹೊದಿಸಿ ಕಳಿಸೋಣ. ಅವಳ ಕೈಕೆಲಸ ಅವಳ ಜೊತೇಲೇ ಹೋಗ್ಲಿ. ಸ್ವಲ್ಪ ಸರಿ ಮಾಡಿಕೊಡ್ತೀಯಾ?"

ಇವಳು "ಹೂಂ" ಎಂದಿದ್ದಳು. ಮನಸ್ಸು ಎಚ್ಚರವಾಗುವ ಮೊದಲೇ ಬಾಯಿ ಹೂಂ ಎಂದುಬಿಟ್ಟಿತ್ತು.

ಹೊದಿಕೆ ಅಕ್ಕ ಮಾಡಿದ್ದಲ್ಲ. ಇವಳು ಮಾಡಿದ್ದು. ಮದುವೆಯಾಗಿ ಬಂದಾಗಿನಿಂದ ಲೇಸು ಕಟ್ಟಿ ಅಂಗಡಿಗೆ ಕೊಡುತ್ತಾ ಬಂದಿದ್ದಾಳೆ. ಕಾಲರು, ಕರವಸ್ತ್ರದ ಅಂಚು, ಯಾರ ಯಾರದೋ ಮೇಜಿನ ಮೇಲಿನ ಬಟ್ಟೆ. ಇದೊಂದನ್ನೇ ತನಗೆಂದು ಮಾಡಿಕೊಂಡಿದ್ದು. ಎಷ್ಟೋ ವರ್ಷಗಳ ಮಧ್ಯಾಹ್ನಗಳು ಇದರೊಳಗೆ ಉಂಗುರ ಉಂಗುರವಾಗಿ ಕೂತಿವೆ. ಅಕ್ಕನಿಗೆ ಕಾಯಿಲೆ ಹೆಚ್ಚಾಗಿ, ಮೈಯೆಲ್ಲ ಚಳಿ ಎಂದಾಗ ತಂದು ಹೊದಿಸಿದ್ದಳು. ಅಷ್ಟೇ. ಇನ್ನು ಸ್ವಲ್ಪ ಹೊತ್ತಿಗೆ ಅದು ಅಕ್ಕನ ಹೆಸರಲ್ಲಿ ಅಕ್ಕನ ಜೊತೆ ಹೋಗಲಿದೆ.

ಗಾಡಿ ಬರುವ ಮೊದಲು ಹೇಳಿಬಿಡಬೇಕು ಎಂದುಕೊಂಡಳು. ಹುಡುಗಿಯನ್ನು ಒಳಗೆ ಕರೆದು, ಮೆಲ್ಲಗೆ, ಯಾರಿಗೂ ನೋವಾಗದ ಹಾಗೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ನಾಲ್ಕನೆಯ ಮೂಲೆಗೆ ಪಿನ್ನು ಚುಚ್ಚಿದಳು.

*

ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟು ಬಂದ ಓರಗಿತ್ತಿಯರು ಅಕ್ಕ ಮತ್ತು ಇವಳು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎನ್ನುತ್ತಾರೆ. ಇವರ ಜಡೆಗಳು ಸೇರಲೂ ಇಲ್ಲ, ಜಗಳವಾಡಲೂ ಇಲ್ಲ. ಒಂದು ಹೊರಗೆ ದುಡಿಯಿತು, ಒಂದು ಒಳಗೆ. ಗಂಡ ಬೇಗ ತೀರಿಕೊಂಡ ಮೇಲೆ ಅಕ್ಕ ಲಾಂಡ್ರಿ ಸೇರಿದಳು. ಹೋಟೆಲು, ಆಸ್ಪತ್ರೆಗಳ ಹಾಸುಗಳಿಗೆ ಇಸ್ತ್ರಿ ಹಾಕುವ ಕೆಲಸ. ಊರೆಲ್ಲ ಅವಳನ್ನು ಇಸ್ತ್ರಿಯಕ್ಕ ಎಂದಿತು. ಮಾತೂ ಹಾಗೆಯೇ, ಕಾದದ್ದು, ನೇರ.

"ಏನು, ಇರುವೆ ಸಾಲು ಹೆಣೀತಿದ್ದೀಯಾ?" ಎಂದು ಲೇಸು ನೋಡಿ ಕೇಳುತ್ತಿದ್ದಳು. "ಇದನ್ನ ಹಾಕಿಕೊಂಡೋರಿಗೆ ಚಳಿ ತಡೆಯಲ್ಲ, ಮಾನ ಮುಚ್ಚಲ್ಲ. ದುಡ್ಡು ಯಾಕೆ ಕೊಡ್ತಾರೋ!"

ಅಂಥವಳು ಕೆಲಸ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಎದುರು ಬಂದು ಕೂತಳು. "ಲೇ ಚಿಕ್ಕವಳೇ, ನನಗೂ ಹೇಳಿಕೊಡು."

"ನಿಮಗಾ?"

"ಯಾಕೆ, ನನಗೇನು ಕೈಯಿಲ್ವಾ?"

ಕೈಯಿದ್ದದ್ದೇ ತೊಂದರೆ. ಆ ಒರಟು ಬೆರಳುಗಳಿಗೆ ನೂಲು ಕಚ್ಚಿಕೊಳ್ಳುತ್ತಿತ್ತು. ನೂಲು ಸುತ್ತಿದ, ದೋಣಿಯಂಥ ಪುಟ್ಟ ಲಾಳಿ ಹಿಡಿದರೆ ಅಂಗೈಯಲ್ಲಿ ಎಲ್ಲಿ ಹೋಯಿತೆಂದು ಹುಡುಕಬೇಕು. ಅದೆಲ್ಲ ಹೇಗೋ ಆಗುತ್ತಿತ್ತು. ಆಗದೆ ಹೋದದ್ದು ಮಗುಚುವುದು.

ಲಾಳಿಯಿಂದ ಗಂಟು ಹಾಕಿ ಹೆಣೆಯುವ ಈ ಟ್ಯಾಟಿಂಗ್ ಲೇಸಿನ ಗುಟ್ಟೆಲ್ಲ ಅಲ್ಲಿದೆ. ಎಡಗೈ ಬೆರಳುಗಳಿಗೆ ನೂಲು ಸುತ್ತಿ, ಲಾಳಿಯ ನೂಲಿನಿಂದ ಅದಕ್ಕೆ ಗಂಟು ಹಾಕಬೇಕು. ಆಮೇಲೆ ಎಡಗೈ ಸಡಿಲ ಬಿಟ್ಟು ಲಾಳಿಯನ್ನು ಎಳೆದರೆ ಗಂಟು ಪಟ್ಟನೆ ಮಗುಚಿ ಎಡಗೈಯ ನೂಲಿಗೆ ಹೋಗಿ ಕೂರುತ್ತದೆ. ಕಟ್ಟಿದ್ದು ಒಂದು ನೂಲು. ಕಟ್ಟಿದಂತೆ ಕಾಣುವುದು ಇನ್ನೊಂದು. ಹಾಗೆ ಮಗುಚಿದ ಗಂಟುಗಳೊಳಗೆ ಲಾಳಿಯ ನೂಲು ನೀರಿನಂತೆ ಜಾರುತ್ತದೆ, ಎಳೆದರೆ ಉಂಗುರ ಮುಚ್ಚುತ್ತದೆ. ಒಂದೇ ಒಂದು ಗಂಟು ಮಗುಚದಿದ್ದರೂ ನೂಲು ಅಲ್ಲೇ ಕಚ್ಚಿಕೊಳ್ಳುತ್ತದೆ. ಬಿಚ್ಚಲಿಕ್ಕೂ ಆಗದು, ಮುಚ್ಚಲಿಕ್ಕೂ ಆಗದು.

"ಎಡಗೈ ಸಡಿಲ ಬಿಡಿ, ಅಕ್ಕ."

"ಬಿಟ್ಟಿದ್ದೀನಲ್ಲೇ."

"ಎಲ್ಲಿ ಬಿಟ್ಟಿದ್ದೀರಿ? ಒದ್ದೆ ಹಾಸು ಹಿಡಿದ ಹಾಗೆ ಹಿಡಿದಿದ್ದೀರಿ."

"ಲಾಂಡ್ರೀಲಿ ಕೈ ಸಡಿಲ ಬಿಟ್ರೆ ಹಾಸು ನೆಲಕ್ಕೆ ಬೀಳತ್ತೆ. ಜೀವಮಾನ ಪೂರ್ತಿ ಬಿಗಿ ಹಿಡಿ, ಬಿಗಿ ಹಿಡಿ ಅನ್ನಿಸಿಕೊಂಡವಳಿಗೆ ಈಗ ಬಿಡು ಅಂದ್ರೆ ಎಲ್ಲಿಂದ ಬರತ್ತೆ?"

ಅಕ್ಕನ ಉಂಗುರಗಳು ಕಪ್ಪೆಯ ಬಾಯಂತೆ ತೆರೆದೇ ಉಳಿದವು. ನೂಲಿಗೆ ಬೀಳಬೇಕಾದ ಗಂಟು ಅವಳ ಮೋರೆಗೆ ಬೀಳುತ್ತಿತ್ತು. "ಈ ಲಾಳೀನೇ ಸರಿಯಿಲ್ಲ" ಎನ್ನುವಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಬಾಯಿ ನೋಡು ಇವಳದ್ದು! ನೂಲು ಹಿಡಿದರೆ ಮೇಡಮ್ಮು ಆಗ್ತಾಳೆ." ಅಕ್ಕ ನಗುತ್ತಿದ್ದಳು. ಆ ಮನೆಯಲ್ಲಿ ಅಕ್ಕನಿಗೆ ತಾನು ಹೇಳುವುದು, ಅಕ್ಕ ಕೇಳುವುದು ಎಂಬುದು ಆ ಒಂದು ಹೊತ್ತಿಗೆ ಮಾತ್ರ ಆಗುತ್ತಿತ್ತು. ಇವಳು ಮಧ್ಯಾಹ್ನಗಳಿಗಾಗಿ ಕಾಯತೊಡಗಿದ್ದಳು.

*

ಚಹಾದ ತಟ್ಟೆ ಹಿಡಿದು ಮುಂದಿನ ಕೋಣೆಗೆ ಬಂದಾಗ ಗಂಜಿಯಕ್ಕ ಅಕ್ಕನ ತಲೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಲಾಂಡ್ರಿಯಲ್ಲಿ ಬಟ್ಟೆಗೆ ಗಂಜಿ ಹಾಕುತ್ತಿದ್ದವಳು, ಅಕ್ಕನ ಜೀವದ ಗೆಳತಿ. ಸೀರೆಗೂ ಬೆನ್ನಿಗೂ ಇನ್ನೂ ಗಂಜಿ ಹಾಕಿದಂತೆಯೇ ನೆಟ್ಟಗಿದ್ದಳು. ಕಣ್ಣುಗಳು ಮಾತ್ರ ಕೆಂಪಾಗಿದ್ದವು.

"ಇವಳ ಕೈಗೆ ಸಿಕ್ಕ ಹಾಸಿನಲ್ಲಿ ಒಂದು ಸುಕ್ಕು ಉಳೀತಿರ್ಲಿಲ್ಲ" ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. "ಮೇಸ್ತ್ರಿ ಅಂಗಿ ಕಾಲರ್ ಮಾತ್ರ ಒಂದ್ಸಲ ಸುಟ್ಟು ಹೋಯ್ತು. ಒಂದು ಹುಡುಗಿಗೆ ಏನೋ ಅಂದಿದ್ದ ಅವನು. 'ಅಯ್ಯೋ, ಕೈ ಜಾರಿತು ಸಾರ್' ಅಂದ್ಲು. ಇವಳ ಕೈ ಜಾರೋದಾ?"

ಯಾರೋ ನಕ್ಕರು, ಆಮೇಲೆ ನಕ್ಕದ್ದಕ್ಕೆ ಕೆಮ್ಮಿದರು.

"ನಿಮ್ಮಮ್ಮ ಎಂಥ ಲೇಸು ಮಾಡಿದ್ಲು ಗೊತ್ತೇನೇ?" ಗಂಜಿಯಕ್ಕ ಮಗಳ ಕಡೆ ತಿರುಗಿದಳು. "ದಿಂಬಿನ ಚೀಲಕ್ಕೆ ಗುಂಡಿ ಹಚ್ಚೋಕೆ ಬರದವಳು! ಮೈಮೇಲೆ ಹೊದ್ದುಕೊಂಡು ಮಲಗಿದ್ಲು, ಮಂಜು ಬಿದ್ದ ಹಾಗಿತ್ತು. ಯಾರದ್ದೇ ಇದು ಅಂದೆ. 'ನಮ್ಮದೇ ಕಣೇ, ನಮ್ಮ ಕೈಕೆಲಸ' ಅಂದ್ಲು."

ಇವಳು ತಟ್ಟೆಯ ಮೇಲಿನ ಲೋಟಗಳನ್ನು ಒತ್ತೊತ್ತಾಗಿ ಸರಿಸಿದಳು.

"ಚಿಕ್ಕಮ್ಮಾನೂ ಮಾಡ್ತಾಳೆ ಲೇಸು" ಎಂದಳು ಮಗಳು, ಇವಳ ಮಾನ ಉಳಿಸುವವಳಂತೆ.

"ಹೌದಾ? ಹಾಗಾದ್ರೆ ನಿಮ್ಮಕ್ಕನ ಹತ್ರ ಸರಿಯಾಗಿ ಕಲಿತುಕೊಳ್ಳಬೇಕಿತ್ತು ಕಣಮ್ಮ, ಇದ್ದಾಗ."

"ಹೂಂ" ಎಂದಳು ಇವಳು. "ಚಹಾ ತಗೊಳ್ಳಿ."

ಗಂಜಿಯಕ್ಕ ಲೋಟ ಎತ್ತಿಕೊಂಡು, ಕುಡಿಯದೆ, ತೊಡೆಯ ಮೇಲಿಟ್ಟುಕೊಂಡಳು. "ನಮ್ಮದು ಅಂದ್ರೆ ಯಾರದ್ದೇ, ಸರಿಯಾಗಿ ಹೇಳು ಅಂದೆ. ಅದಕ್ಕೆ, 'ನಮ್ಮದು ಅಂದ್ರೆ ನಮ್ಮದು. ಅದರಲ್ಲೂ ಪಾಲು ಮಾಡಬೇಕಾ?' ಅಂತ ರೇಗಿದ್ಲು. ಮೈಯಲ್ಲಿ ಶಕ್ತಿ ಇಲ್ಲ, ರೇಗೋದು ಬಿಡ್ಲಿಲ್ಲ!"

ಇವಳು ತಲೆಯೆತ್ತಿ ಅಕ್ಕನ ಮುಖ ನೋಡಿದಳು. ಸುಕ್ಕೆಲ್ಲ ಹೋಗಿ ನುಣ್ಣಗಾಗಿತ್ತು. ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ.

*

ಗಂಜಿಯಕ್ಕ ಅಕ್ಕನನ್ನು ನೋಡಲು ಬಂದ ಆ ದಿನ ಇವಳು ಅಡುಗೆಮನೆಯಲ್ಲಿದ್ದಳು. ಗಂಜಿಯಕ್ಕ ಕೇಳಿದ್ದು, ಅಕ್ಕ "ನಮ್ಮದೇ ಕಣೇ" ಎಂದದ್ದು ಕಿವಿಗೆ ಬಿದ್ದಿತ್ತು. ಅಷ್ಟರಲ್ಲಿ ಪಾತ್ರೆಯ ಮುಚ್ಚಳ ಇವಳ ಕೈಯಿಂದ ನೆಲಕ್ಕೆ ಬಿದ್ದು ಉರುಳಿತು. ಬಿದ್ದಿತೋ, ಹಾಕಿದಳೋ. ಮುಂದಿನ ಮಾತು ಕೇಳಲಿಲ್ಲ.

ಮಾರನೆಯ ಮಧ್ಯಾಹ್ನ ಅಕ್ಕ ದಿಂಬಿಗೊರಗಿ, ಲಾಳಿ ಹಿಡಿದು ಕಾದಿದ್ದಳು. "ಇವತ್ತು ಕೂತ್ಕೊಳ್ಳಲ್ವೇನೇ?"

"ಕಣ್ಣು ನೋಯ್ತಿದೆ, ಅಕ್ಕ."

ಅದರ ಮಾರನೆಯ ದಿನ ಬಟ್ಟೆ ಒಗೆಯುವುದಿತ್ತು. ಆಮೇಲೆ ಅಂಗಡಿಗೆ ಹೋಗುವುದಿತ್ತು. ಔಷಧಿಗೆ, ಗಂಜಿಗೆ, ಹಾಸಿಗೆ ಬದಲಿಸುವುದಕ್ಕೆ ಒಂದು ದಿನವೂ ತಪ್ಪಿಸಲಿಲ್ಲ. ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ನೂಲಿಗೆ ಮಾತ್ರ ಪುರುಸೊತ್ತಾಗಲಿಲ್ಲ. ಅಕ್ಕ ಮತ್ತೆ ಕೇಳಲೂ ಇಲ್ಲ. ಕೇಳಿ ಪಡೆಯುವ ಅಭ್ಯಾಸ ಅವಳಿಗೆಲ್ಲಿತ್ತು?

*

"ಚಿಕ್ಕಮ್ಮ, ಅಮ್ಮನ ತಲೆ ಒಂದ್ಸಲ ಬಾಚೋಣ. ಬಾಚಣಿಗೆ ಎಲ್ಲಿದೆ?" ಎಂದು ಮಗಳು ಕೇಳಿದಾಗ, ಇದೇ ಸಮಯ, ಹುಡುಗಿಯನ್ನೂ ಒಳಗೆ ಕರೆಯೋಣ ಎಂದು ಇವಳಿಗೆ ಎನಿಸಿತು. "ನಾನು ತರ್ತೀನಿ, ಆಮೇಲೆ ನಿನ್ನ ಹತ್ರ ಒಂದು ಮಾತಿದೆ" ಎಂದಳು.

ಅಕ್ಕನ ಮಂಚದ ಪಕ್ಕದ ಡ್ರಾಯರಿನಲ್ಲಿ ಬಾಚಣಿಗೆ ಮೇಲೆಯೇ ಇತ್ತು. ಅದರ ಕೆಳಗೆ ಒಂದು ಕರವಸ್ತ್ರ ಉಂಡೆಯಾಗಿತ್ತು. ಇಸ್ತ್ರಿಯಕ್ಕನ ಡ್ರಾಯರಿನಲ್ಲಿ ಉಂಡೆ ಕಟ್ಟಿದ ಬಟ್ಟೆ! ಎತ್ತಿ ಬಿಚ್ಚಿದಳು.

ಒಳಗೆ ಅಕ್ಕನ ಲೇಸಿತ್ತು. ಗೇಣುದ್ದದ ಕೊಳಕು ಪಟ್ಟಿ, ಬೆವರಿಗೆ ಬೂದಿಬಣ್ಣಕ್ಕೆ ತಿರುಗಿತ್ತು. ಮೊದಲ ಉಂಗುರಗಳು ಇವಳಿಗೆ ಗೊತ್ತಿದ್ದವು, ಜೊತೆಗೆ ಕೂತಾಗಿನವು, ಬಾಯಿ ಬಿಟ್ಟ ಕಪ್ಪೆಗಳು. ಆಮೇಲಿನವು ಗೊತ್ತಿರಲಿಲ್ಲ. ಅವೂ ಕಪ್ಪೆಗಳೇ, ಆದರೆ ಬಾಯಿ ಕಿರಿದಾಗುತ್ತಾ ಬಂದಿದ್ದವು. ಒಂದು ಕಿವಿ ಉದ್ದ, ಒಂದು ಮೋಟು. ಕೊನೆಯದು ಅರ್ಧಕ್ಕೇ ನಿಂತಿತ್ತು. ಗಂಟುಗಳು ಸಾಲಾಗಿ ನೂಲಿನ ಮೇಲೆ ಕೂತಿದ್ದವು, ಲಾಳಿ ಇನ್ನೂ ನೇತಾಡುತ್ತಿತ್ತು.

ಲಾಳಿಯನ್ನು ಅಂಗೈಗೆ ತೆಗೆದುಕೊಂಡಳು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಗಂಡ ಕೂಗಿದ, "ಆಯ್ತೇನೇ?"

"ಬಂದೆ."

ಆದರೆ ಬಾಗಿಲ ಕಡೆಗೆ ಹೋಗಲಿಲ್ಲ. ಪಕ್ಕದ ಕೋಣೆಗೆ ಹೋಗಿ, ಹೊದಿಕೆ ಹಾಸಿದ್ದ ಮಂಚದ ಅಂಚಿಗೆ ಕೂತಳು. ಒಂದು ಮೂಲೆಯ ಪಿನ್ನು ಕಿತ್ತಳು. ಅಕ್ಕನ ಅರೆ ಉಂಗುರದ ನೂಲನ್ನು ಎಡಗೈ ಬೆರಳುಗಳಿಗೆ ಏರಿಸಿಕೊಂಡಳು. ಮೂಲೆಯ ಕಿವಿಯೊಳಗೆ ಲಾಳಿಯ ತುದಿಯ ಕೊಕ್ಕೆ ತೂರಿಸಿ, ನೂಲನ್ನು ಈಚೆಗೆಳೆದು, ಅದರೊಳಗಿಂದ ಲಾಳಿ ದಾಟಿಸಿದಳು. ಅಕ್ಕನ ಪಟ್ಟಿ ಹೊದಿಕೆಗೆ ಕೂಡಿಕೊಂಡಿತು. ಉಳಿದರ್ಧ ಉಂಗುರಕ್ಕೆ ತನ್ನ ಗಂಟುಗಳನ್ನು ಹಾಕತೊಡಗಿದಳು. ಕೈ ತಾನಾಗಿ ಓಡಿತು.

ಮುಗಿದ ಮೇಲೆ ಒಂದು ಕ್ಷಣ ತಡೆದಳು. ಅಕ್ಕನ ಗಂಟುಗಳಲ್ಲಿ ಒಂದು ಮಗುಚದೆ ಇದ್ದರೂ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಳ್ಳಲಿ, ಇನ್ನೊಂದು ಕಪ್ಪೆ ಎಂದುಕೊಂಡು ಲಾಳಿಯನ್ನು ಎಳೆದಳು.

ನೂಲು ಜಾರಿತು. ತನ್ನ ಗಂಟುಗಳನ್ನು ದಾಟಿ ಅಕ್ಕನ ಗಂಟುಗಳೊಳಗೆ ಹೊಕ್ಕಿತು. ಎಲ್ಲಿಯೂ ತಡೆಯಲಿಲ್ಲ. ಉಂಗುರದ ಎರಡು ತುದಿಗಳು ಬಂದು ಒಂದನ್ನೊಂದು ಮುಟ್ಟಿ, ಮುಚ್ಚಿಕೊಂಡವು.

ಕೊನೆಕೊನೆಗೆ ಚಮಚ ಎತ್ತುವುದಕ್ಕೂ ತ್ರಾಣವಿರಲಿಲ್ಲ ಆ ಕೈಗೆ. ಆಗ ಸಡಿಲವಾಗಿರಬೇಕು.

ಕಣ್ಣು ಮಂಜಾಗಿ, ಉಂಗುರ ಒಂದು ಎರಡಾಗಿ ಕಂಡಿತು. ಸೆರಗಿನಿಂದ ಒರೆಸಿಕೊಂಡಳು. ತುದಿಗೆ ಗಂಟು ಹಾಕಿ, ನೂಲನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ, ಲಾಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಉಳಿದ ಪಿನ್ನುಗಳನ್ನೂ ಕಿತ್ತು, ಹೊದಿಕೆಯನ್ನೂ ಬಾಚಣಿಗೆಯನ್ನೂ ಎತ್ತಿಕೊಂಡು ಹೊರಟಳು.

ಮುಂದಿನ ಕೋಣೆಯಲ್ಲಿ ಮಗಳೂ ಗಂಜಿಯಕ್ಕನೂ ಆಚೆ ತುದಿ ಹಿಡಿದರು, ಇವಳು ಈಚೆ ತುದಿ. ಬಿಳಿಯ ಹೊದಿಕೆ ಗಾಳಿಯಲ್ಲಿ ಒಮ್ಮೆ ಉಬ್ಬಿ ಅಕ್ಕನ ಮೇಲೆ ಇಳಿಯಿತು. 

"ಎಂಥ ಕೈ!" ಎಂದಳು ಗಂಜಿಯಕ್ಕ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. "ಇದೇನೇ, ಈ ಮೂಲೇಲಿ ಒಂದು ಬಾಲ? ಪಾಪ, ಕೊನೆಗೆ ಕೈ ಸೋತಿರಬೇಕು."

ಮಗಳು ಬಾಚಣಿಗೆ ತೆಗೆದುಕೊಂಡು ತಾಯಿಯ ಹಣೆಯ ಮೇಲಿನ ಕೂದಲು ಸರಿಸಿದಳು. "ಚಿಕ್ಕಮ್ಮ, ಏನೋ ಮಾತಿದೆ ಅಂದೆಯಲ್ಲ?"

"ಏನಿಲ್ಲ. ಗಾಡಿ ಬಂತು, ಅದೇ."

ಗಾಡಿಯವರು ಒಳಗೆ ಬಂದರು. ಚೆನ್ನಾಗಿ ಕಾಣಲೆಂದು ಮಗಳು ಆ ಕೊಳಕು ಪಟ್ಟಿಯನ್ನು ಹೊದಿಕೆಯ ಅಡಿಗೆ ಮಡಚಿದಳು. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದಾಗ ಇವಳು ಬಗ್ಗಿ, ಅದನ್ನು ಮೆಲ್ಲಗೆ ಈಚೆಗೆ ತೆಗೆದು, ಅಕ್ಕನ ಎಡಗೈಯ ಮೇಲೆ, ಕಾಣುವ ಹಾಗೆ, ಹರಡಿದಳು.