ಅತ್ತೆ ಕಾಯುವ ರೂಟರ್

ಅತಿ ಬುದ್ಧಿ ಉಪಯೋಗಿಸಿದರೆ ಹೀಗೇ ಆಗುವುದು. ಕೆಲಸದ ಸಂದರ್ಶನಕ್ಕೆ ಬಂದಿದ್ದ ಸೊಸೆ, ಒಳಗೆ ಕರೆಯುವ ಮೊದಲು ಲ್ಯಾಪ್‌ಟಾಪ್ ತೆರೆದು, ಮನೆಯ ರೂಟರಿಗೆ ಇನ್ನೊಂದು ಬೀಗ ಜಡಿದಳು: ಮನೆಯೊಳಗಿನಿಂದಲ್ಲದೆ ಹೊರಗಿನ ಯಾರಿಗೂ ಪ್ರವೇಶವಿಲ್ಲ. ತಾನೂ ಹೊರಗೇ ಕುಳಿತಿದ್ದೇನೆಂದು ಹೊಳೆದದ್ದು ಪರದೆ ಸ್ತಬ್ಧವಾದ ಮೇಲೆ. ಕೂತ ಕೊಂಬೆಯನ್ನೇ ಕಡಿದದ್ದಾಯಿತು.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಪರೀಕ್ಷೆಯೂ ಅದೇ. ಸಾಮಾನಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಕೂಡಿಸಿ ಅವಳು ಕಟ್ಟಿಕೊಂಡಿದ್ದ ಪುಟ್ಟ ನೆಟ್‌ವರ್ಕಿಗೆ ಇಲ್ಲಿಂದಲೇ ಲಾಗಿನ್ ಆಗಿ ತೋರಿಸಬೇಕು. ಮನೆಯಲ್ಲೇ ಕುಳಿತು ಕಲಿತ ವಿದ್ಯೆಗೆ ಅವಳ ಬಳಿ ಬೇರೆ ಸಾಕ್ಷಿ ಇರಲಿಲ್ಲ.

"ಸರ್, ನಾನೇ ನನ್ನನ್ನ ಹೊರಗೆ ಹಾಕ್ಕೊಂಡಿದೀನಿ," ಎಂದಳು. "ಆದ್ರೆ ಹೊಸ ನಿಯಮ ಇನ್ನೂ ಸೇವ್ ಮಾಡಿಲ್ಲ. ರೂಟರ್ ಆರಿಸಿ ಹಾಕಿದ್ರೆ ಅಳಿಸಿಹೋಗತ್ತೆ. ಮನೇಲಿ ನಮ್ಮತ್ತೆ ಇದ್ದಾರೆ."

ವಿಭಾಗದ ಮುಖ್ಯಸ್ಥರು ಮೇಜಿನ ಫೋನನ್ನು ಅವಳತ್ತ ತಳ್ಳಿದರು; ಅವಳ ಮೊಬೈಲನ್ನು ಬಾಗಿಲ ಕಾವಲಿನವನು ಇಸಿದುಕೊಂಡಿದ್ದ. "ಮಾಡಿ. ಸ್ಪೀಕರ್‌ನಲ್ಲೇ ಇರಲಿ."

"ಅತ್ತೆ, ನಾನು. ಸಾಮಾನಿನ ಕೋಣೆ ರೂಟರ್ ಪೆಟ್ಟಿಗೆ ಸ್ವಿಚ್ ಒಂದ್ಸಲ ಆರಿಸಿ ಹಾಕಿ."

"ಯಾರು ನೀನು?"

"ನಿಮ್ಮ ಸೊಸೆ."

"ಸೊಸೆ ನಂಬರ್ ಇದಲ್ಲ."

ಇತ್ತೀಚೆಗೆ ಯಾರೋ ಪಕ್ಕದ ಮನೆಯವರಿಗೆ ಅವರ ಮಗಳ ದನಿಯಲ್ಲೇ ಫೋನ್ ಮಾಡಿ ಟೋಪಿ ಹಾಕಿದ್ದರು. ಅಂದು ಅತ್ತೆಗೆ ಪಾಠ ಹೇಳಿದ್ದವಳು ಇವಳೇ: ನನ್ನ ದನಿಯಲ್ಲಿ ಕೇಳಿದರೂ ನಂಬಬೇಡಿ, ಆ ಪೆಟ್ಟಿಗೆಯನ್ನಂತೂ ಮುಟ್ಟಲೇಬೇಡಿ. ಈಗ ಗುರುವಿಗೇ ತಿರುಮಂತ್ರ.

"ಅತ್ತೆ, ನನ್ನ ಕೆಲಸದ ಪ್ರಶ್ನೆ."

"ಕಳ್ಳರೆಲ್ಲ ಹೀಗೇ ಗೋಳಾಡೋದು. ನೋಡಮ್ಮ, ಅದು ನನ್ನ ಸೊಸೆ ಊಟ ನಿದ್ದೆ ಬಿಟ್ಟು ಒಂದೊಂದೇ ತಂತಿ ಸೇರಿಸಿ ಕಟ್ಟಿದ್ದು. ಅಂಥ ಬುದ್ಧಿವಂತೆ ಈ ಬೀದೀಲೇ ಇಲ್ಲ. ಕಂಡೋರ ಮಾತಿಗೆಲ್ಲ ಆರಿಸೋಕಾಗಲ್ಲ."

ಆ ತಂತಿಗಳನ್ನು ಕಸವೆಂದು ದಿನವೂ ಗೊಣಗುವ ಅತ್ತೆ ಇವರೇ. ಗಾಬರಿಯ ನಡುವೆಯೂ ಸೊಸೆಗೆ ಕುಣಿಯುವಷ್ಟು ಸಂತೋಷವಾಯಿತು.

"ನಿಮ್ಮ ಸೊಸೆಗೆ ಮಾತ್ರ ಗೊತ್ತಿರೋದು ಏನಾದ್ರೂ ಕೇಳಿ," ಎಂದಳು.

"ಸರಿ. ನಾನು ಆ ಪೆಟ್ಟಿಗೇನ ದಿನಾ ಏನಂತ ಬಯ್ತೀನಿ?"

ಎದುರಿಗೆ ಸಾಲಾಗಿ ಗಂಭೀರ ಮುಖಗಳು. ನಾಚಿಕೆಪಟ್ಟರೆ ಕೆಲಸ ಕೈತಪ್ಪುತ್ತದೆ.

"ಕಣ್ಣು ಹೊಡೆಯೋ ಪೋಲಿ. ಸುಮ್ಮನೆ ದೀಪ ಮಿಟುಕಿಸ್ತಿರತ್ತಲ್ಲ, ಅದಕ್ಕೆ."

ಮುಖ್ಯಸ್ಥರು ಕೆಮ್ಮಿದಂತೆ ಮಾಡಿ ನಗು ನುಂಗಿದರು.

"ಹಾಗಾದ್ರೆ ನೀನೇ ಕಣೆ. ಮೊದ್ಲೇ ಹೇಳೋಕೇನಾಗಿತ್ತು?" ಸ್ವಿಚ್ಚು ಟಕ್ಕೆಂದಿತು. ಸ್ವಲ್ಪ ತಡೆದು ಮತ್ತೆ ಟಕ್ಕೆಂದಿತು. "ಮತ್ತೆ ಕಣ್ಣು ಹೊಡೀತಿದೆ ನೋಡು."

ಸೊಸೆ ಪ್ರಯತ್ನಿಸಿದಳು. ಇಲ್ಲ. ರೂಟರ್ ಪೂರ್ತಿ ಚಾಲೂ ಆಗಲು ತುಸು ಬಿಟ್ಟು ಇನ್ನೊಮ್ಮೆ ಪ್ರಯತ್ನಿಸಿದಳು. ಪರದೆ ಪಾಸ್‌ವರ್ಡ್ ಕೇಳಿತು. ಹೊಡೆದಳು. ಬಾಗಿಲು ತೆರೆಯಿತು, ಅವಳ ಹಳೆಯ ಕಂಪ್ಯೂಟರುಗಳೆಲ್ಲ ಒಂದೊಂದಾಗಿ ಹಾಜರಿ ಹಾಕಿದವು. ಅವಳು ಕುರ್ಚಿಯಿಂದ ಎದ್ದೇ ನಿಂತಳು.

"ತಪ್ಪು ಮುಚ್ಚಿಡಲಿಲ್ಲ, ದಾರೀನೂ ಹುಡುಕಿದ್ರಿ," ಎಂದರು ಮುಖ್ಯಸ್ಥರು. "ಸೋಮವಾರದಿಂದ ಬನ್ನಿ."

ಫೋನ್ ಇನ್ನೂ ಚಾಲ್ತಿಯಲ್ಲೇ ಇತ್ತು.

"ಅತ್ತೆ, ಕೆಲಸ ಸಿಕ್ತು."

ಆ ಕಡೆ ಮೂಗೆಳೆದ ಸದ್ದು. "ಇಂಥ ಮಾತನ್ನ ನಾನು ಫೋನಲ್ಲಿ ನಂಬಲ್ಲ. ಮನೆಗೆ ಬಾ, ಎದುರಿಗೆ ನಿಂತು ಹೇಳು."

ಸೊಸೆ ಮೊಬೈಲನ್ನೂ ಮರೆತು ಮನೆಯತ್ತ ಓಡಿದಳು.