ಮೊಣಕೈಗಿಂತ ಒಂದು ಗೇಣು ಕೆಳಗೆ

ಒದ್ದೆ ಗೋಣಿಚೀಲವನ್ನು ಎಳೆದಾಗ ಗೋಡೆ ಅವಳ ಸೊಂಟದವರೆಗೂ ಬರಲಿಲ್ಲ.

ಇನ್ನೊಂದು ಚೀಲ ಎಳೆದಳು. ಅಲ್ಲಿಯೂ ಅಷ್ಟೇ. ಅಡುಗೆ ಕಟ್ಟೆಯ ಚಪ್ಪಡಿಯನ್ನು ಹೊರಬೇಕಾದ ಪುಟ್ಟ ಗೋಡೆಗಳು ನೀರು ಕುಡಿದು ಕಪ್ಪಾಗಿ ಒಂದೇ ಮಟ್ಟಕ್ಕೆ ನಿಂತಿದ್ದವು. ಹಿಂದಿನ ಸುಣ್ಣದ ಗೋಡೆಯ ಮೇಲೆ, ಅವಳನ್ನು ನಿಲ್ಲಿಸಿ ಗಂಡ ಎಳೆದಿದ್ದ ಪೆನ್ಸಿಲ್ ಗೆರೆ ಎಷ್ಟೋ ಮೇಲೆ, ಯಾವುದಕ್ಕೂ ಸಂಬಂಧವಿಲ್ಲದ ಹಾಗೆ ಇತ್ತು.

"ಇದೇನ್ರೀ, ಇಷ್ಟೇನಾ?"

ಗಂಡ ಹಿತ್ತಿಲ ಬಾಗಿಲಲ್ಲಿ ಕೂತು ಮರಳು ಜರಡಿ ಹಿಡಿಯುತ್ತಿದ್ದ. ತಲೆ ಎತ್ತಲಿಲ್ಲ. "ಮೇಲೆ ಕಲ್ಲು ಬರುತ್ತಲ್ಲ."

"ಕಲ್ಲು ಎರಡು ಬೆರಳು ದಪ್ಪ."

"ಕೆಳಗೆ ಸಿಮೆಂಟು ಬೇರೆ ಇರುತ್ತೆ."

"ಇಟ್ಟಿಗೆ ಸಾಲದೆ ಹೋಯ್ತಾ?"

"ಇಲ್ಲ, ಮಿಕ್ಕಿತು. ಪಕ್ಕದ ಮನೆಯವರು ಕೇಳಿದರು, ಕೊಟ್ಟೆ."

ಆ ಇಟ್ಟಿಗೆಗಳನ್ನು ಅವಳು ಬಲ್ಲಳು. ಹಳೆಯ ಕಟ್ಟೆ ಒಡೆದಾಗ ಹೊರಬಂದ ಒಂದೊಂದನ್ನೂ ಹಿತ್ತಿಲಲ್ಲಿ ಮಣೆ ಹಾಕಿಕೊಂಡು ಕೂತು, ಅಂಟಿದ ಗಾರೆಯನ್ನು ಉಳಿಯಿಂದ ಕೆತ್ತಿ, ತೊಳೆದು ಜೋಡಿಸಿದ್ದಳು. ಹೊಸದು ತರುವ ಅನುಕೂಲ ಇರಲಿಲ್ಲ. ಕೆಲಸದವರನ್ನು ಕರೆಯುವ ಅನುಕೂಲವೂ ಇರಲಿಲ್ಲ. ಚಪ್ಪಡಿ ಕೂಡ ಮುಚ್ಚಿಹೋದ ಔಷಧಿ ಅಂಗಡಿಯೊಂದರಿಂದ ಬಂದದ್ದು. ಕಾಯುತ್ತ ನಿಂತವರ ಕೈ ತಾಗಿ ತಾಗಿ ಅದರ ಒಂದು ಅಂಚು ನುಣುಪಾಗಿತ್ತು.

ಅಡುಗೆಮನೆಯ ನಕ್ಷೆ ಬರೆದವಳು ಅವಳೇ. ಭೂಮಾಪನ ಕಚೇರಿಯಲ್ಲಿ ಅವಳ ಕೆಲಸ ಅದು. ಕಂಡವರ ಹೊಲಗದ್ದೆಗಳ ಮೇರೆಯನ್ನು ಕೂದಲೆಳೆ ತಪ್ಪದಂತೆ ಗೆರೆ ಹಾಕಿ ಬಂದವಳು, ಮೊದಲ ಸಲ ತನಗಾಗಿ ಒಂದು ಗೆರೆ ಹಾಕಿಕೊಂಡಿದ್ದಳು. ಮೊಣಕೈಗಿಂತ ಒಂದು ಗೇಣು ಕೆಳಗೆ. ಅಡುಗೆ ಕಟ್ಟೆಯ ಅಳತೆ ಅಷ್ಟೇ. ಅದರ ಮುಂದೆ ನಿಲ್ಲುವವಳ ಮೊಣಕೈ, ಅವಳದೇ ಗೇಣು.

ಹಳೆಯ ಕಟ್ಟೆ ಅತ್ತೆಯ ಅಳತೆಯದು. ಅತ್ತೆ ಗುಬ್ಬಚ್ಚಿಯಂಥ ಹೆಂಗಸು. ಮದುವೆಯಾಗಿ ಇವಳು ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದಾಗ ನಾದಿನಿ ಇಟ್ಟ ಹೆಸರು ಏಣಿ. ಇನ್ನು ಅಟ್ಟದ ಸಾಮಾನು ಇಳಿಸುವುದಕ್ಕೆ ಯೋಚನೆಯಿಲ್ಲ ಎಂದು ಮನೆಮಂದಿಯೆಲ್ಲ ನಕ್ಕಿದ್ದರು. ಅವಳೂ ನಕ್ಕಿದ್ದಳು. ಅಂದಿನಿಂದ ಬಗ್ಗಿಯೇ ಬೇಯಿಸಿದಳು. ಹಿಂದಿನಿಂದ ನೋಡಿದವರಿಗೆ ಒಲೆಗೆ ನಮಸ್ಕಾರ ಮಾಡುತ್ತಿರುವಂತೆ ಕಾಣುತ್ತಿತ್ತು. ಬಗ್ಗಿದಾಗಲೆಲ್ಲ ಬಾಯಲ್ಲಿ ದೇವರ ಹೆಸರು ತಾನಾಗಿ ಬರುತ್ತಿತ್ತು. ಭಕ್ತಿಯಿಂದಲೋ ಬೆನ್ನುನೋವಿನಿಂದಲೋ ಅವಳು ವಿಚಾರಿಸಲು ಹೋಗಿರಲಿಲ್ಲ.

ಹೋದ ವರ್ಷ ಅತ್ತೆ ಕಣ್ಣು ಮುಚ್ಚುವ ಮೊದಲು ಮಗನನ್ನು ಹಾಸಿಗೆಯ ಪಕ್ಕದಲ್ಲಿ ಕೂರಿಸಿಕೊಂಡು, "ನಾನು ಹೋದ ಮೇಲೆ ಇವಳಿಗೆ ಕಟ್ಟೆ ಎತ್ತರ ಮಾಡಿಕೊಡೋ. ನನ್ನಿಂದ ಇವಳ ಬೆನ್ನು ಮುರೀತು" ಎಂದಿದ್ದರು. ಸಾಯುವಾಗ ಒಡವೆಯ ಮಾತಾಡುವವರು ಉಂಟು, ಆಸ್ತಿಯ ಮಾತಾಡುವವರು ಉಂಟು. ಅತ್ತೆ ಕಟ್ಟೆಯ ಮಾತಾಡಿದರು. ಅವಳು ಅತ್ತೆಗಾಗಿ ಅತ್ತಷ್ಟು ಹೆತ್ತ ತಾಯಿಗಾಗಿಯೂ ಅತ್ತಿರಲಿಲ್ಲ.

ಗಂಡನದು ಗಿರಣಿಯಲ್ಲಿ ಬೆಳಗಿನ ಪಾಳಿ. ಅವಳು ಕಚೇರಿಯಿಂದ ಬರುವಷ್ಟರಲ್ಲಿ ಆ ದಿನದ ಇಟ್ಟಿಗೆ ಕಟ್ಟಿ, ಮೇಲೆ ಹಲಗೆ, ಹಲಗೆಯ ಮೇಲೆ ಚೀಲ, ಚೀಲದ ಮೇಲೆ ಚೀಲ ಹೊದಿಸಿ ಮುಗಿಸಿರುತ್ತಿದ್ದ. ಗಾಳಿ ತಾಗಿದರೆ ಬಿರುಕು ಬಿಡುತ್ತದೆ, ಎತ್ತಿ ನೋಡಬೇಡ ಎಂದಿದ್ದ. ಕಲ್ಲು ಕೂರಿಸುವ ಈ ರಜೆಯ ದಿನದವರೆಗೂ ಅವಳು ಎತ್ತಿ ನೋಡಲಿಲ್ಲ. ಬೆಳಿಗ್ಗೆ ಸಂಜೆ ತಂಬಿಗೆಯಲ್ಲಿ ನೀರು ತಂದು ಹಾಕಿದಳು. ಒಳಗೆ ಏನು ಗಟ್ಟಿಯಾಗುತ್ತಿದೆ ಎಂದು ಕೇಳದೆ ನೀರೆರೆದಳು.

"ಇನ್ನೆರಡು ವರಸೆ ಇಟ್ಟರೆ ಸರಿಹೋಗುತ್ತೆ," ಅವಳು ಹೇಳಿದಳು. "ಇಟ್ಟಿಗೆ ವಾಪಸ್ ಕೇಳೋಣ."

"ಕೊಟ್ಟಿದ್ದನ್ನ ಯಾರಾದರೂ ಕೇಳ್ತಾರಾ?"

"ಮತ್ತೆ?"

"ತಾಳು. ಅವಳೂ ಬರಲಿ."

ಯಾರು ಎಂದು ಕೇಳಿದ್ದಕ್ಕೆ ಅವನು ಜರಡಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿದ.

ಮಧ್ಯಾಹ್ನದ ಹೊತ್ತಿಗೆ ಗಂಡನ ತಂಗಿ ಊಟದ ಕ್ಯಾರಿಯರ್ ಹಿಡಿದು ಬಂದಳು. ಅತ್ತೆಯದೇ ಅಚ್ಚು, ಅದೇ ಗಿಡ್ಡ ನಿಲುವು, ಅದೇ ಚುರುಕು. ಕ್ಯಾರಿಯರನ್ನು ಕಿಟಕಿಯಲ್ಲಿಟ್ಟವಳೇ ಯಾರನ್ನೂ ಮಾತಾಡಿಸದೆ ನೇರ ಗೋಡೆಯ ಹತ್ತಿರ ಹೋಗಿ ನಿಂತಳು. ಮೊಣಕೈ ಮಡಿಸಿದಳು. ಇನ್ನೊಂದು ಕೈಯಿಂದ ಕೆಳಕ್ಕೆ ಗೇಣು ಹಾಕಿದಳು. ಕಿರುಬೆರಳಿಗೂ ಇಟ್ಟಿಗೆಗೂ ನಡುವೆ ಕಲ್ಲು ಕೂರುವಷ್ಟು ಜಾಗ ಉಳಿಯಿತು.

"ಸರಿಯಾಗಿ ಬಂತು ಕಣೋ ಅಣ್ಣ."

ಆಮೇಲೆ ತಿರುಗಿ ನೋಡಿದಳು. "ಯಾಕತ್ತಿಗೆ, ಹಾಗೇ ನಿಂತಿದ್ದೀರಿ? ಏಣಿಗೆ ಒರಗೋಕೆ ಗೋಡೆ ಸಿಗಲಿಲ್ವಾ?"

ಯಾರೂ ನಗಲಿಲ್ಲ. ನಾದಿನಿ ಅಣ್ಣನ ಮುಖ ನೋಡಿದಳು. "ಇನ್ನೂ ಹೇಳಿಲ್ವಾ ನೀನು?"

ಉಳಿದದ್ದನ್ನು ಇಬ್ಬರೂ ಸೇರಿ ಹೇಳಿದರು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಂಡರು, ಮೊದಲೇ ಆಡಿ ಪಳಗಿದ ಮಾತಿನ ಹಾಗೆ. ನಾದಿನಿ ಗಂಡನಿಂದ ಬೇರೆಯಾಗಿದ್ದಾಳೆ, ಅದು ಗೊತ್ತಿತ್ತು. ಬಾಡಿಗೆ ಮನೆ ಬಿಡುತ್ತಿದ್ದಾಳೆ; ಅದು ಗೊತ್ತಿರಲಿಲ್ಲ. ಬರುವ ವಾರದಿಂದ ಇಲ್ಲಿಯೇ ಇದ್ದು, ಈ ಅಡುಗೆಮನೆಯಲ್ಲಿ ಬೇಯಿಸಿ, ಕಚೇರಿಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತಾಳೆ. ದಿನವಿಡೀ ಒಲೆಯ ಮುಂದೆ ನಿಲ್ಲುವವಳು ನಾದಿನಿ. ಆದ್ದರಿಂದ ಕಟ್ಟೆ ಅವಳ ಅಳತೆಗೆ. ಮನೆಗೂ ಆಸರೆ, ತಂಗಿಗೂ ಒಂದು ದಾರಿ. ಊಟಕ್ಕೆ ಹೇಳಿಟ್ಟವರೂ ಆಗಲೇ ಸಾಕಷ್ಟು ಜನ ಇದ್ದಾರೆ.

ಹೋದ ವಾರ ಕಚೇರಿಯ ಜವಾನ, "ಮೇಡಂ, ನಿಮ್ಮನೆ ಊಟ ಯಾವಾಗಿಂದ ಶುರು? ನಾನೂ ಹೇಳಿದ್ದೀನಿ" ಎಂದು ಕೇಳಿದ್ದ. ಯಾರನ್ನೋ ಯಾರೋ ಅಂದುಕೊಂಡಿದ್ದಾನೆ ಎಂದು ನಕ್ಕು ಸುಮ್ಮನಾಗಿದ್ದಳು. ಜವಾನನಿಗೆ ಗೊತ್ತಿತ್ತು.

"ನಿನಗೆ ಒಳ್ಳೇದೇ ಆಯ್ತಲ್ಲ," ಗಂಡ ಹೇಳಿದ. "ಇನ್ನು ಬಗ್ಗೋ ಕೆಲಸವೇ ಇಲ್ಲ. ಅಡುಗೆಮನೆ ಕಡೆ ಬರೋದೇ ಬೇಡ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಲೇ ಇದ್ದೆ."

"ಯಾವಾಗ?"

ಅವನು ಗಾರೆ ಬಳಿಯುವ ಕರಣೆಯನ್ನು ಬಟ್ಟೆಯಿಂದ ಒರೆಸಿದ. "ಕಲ್ಲು ಕೂತ ಮೇಲೆ."

ಅವಳಿಗೆ ಸಿಟ್ಟು ಬರಲಿಲ್ಲ. ಬರಲಿ ಎಂದು ಕಾದಳು. ಅದರ ಬದಲು ಒಂದು ಲೆಕ್ಕ ತಲೆಯೊಳಗೆ ತಾನಾಗಿ ನಡೆಯಿತು: ಕೇಳಿದ್ದರೆ ತಾನು ಏನು ಹೇಳುತ್ತಿದ್ದೆ? ಆಗಲಿ ಎನ್ನುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದ ಹೆಣ್ಣನ್ನು ಬೇಡ ಎನ್ನುವವಳಲ್ಲ ಅವಳು. ನಕ್ಷೆಯ ಮೇಲಿನ ಗೆರೆಯನ್ನು ತಾನೇ ಉಜ್ಜಿ ಕೆಳಗೆ ಎಳೆದುಕೊಡುತ್ತಿದ್ದಳು. ಅದು ಗಂಡನಿಗೂ ಗೊತ್ತಿತ್ತು. ಅವಳು ಒಪ್ಪುತ್ತಾಳೆಂದು ಗೊತ್ತಿದ್ದೇ ಅವಳನ್ನು ಕೇಳಿರಲಿಲ್ಲ. ಬೇಡ ಎನ್ನುವವಳಾಗಿದ್ದರೆ ಎಂದೋ ಕೇಳುತ್ತಿದ್ದರೇನೋ. ಇಷ್ಟು ವರ್ಷದ ಒಳ್ಳೆಯತನ ಒಂದು ಬೀಗವಿಲ್ಲದ ಬಾಗಿಲಿನಂತೆ ಅವಳಿಗೆ ಕಂಡಿತು. ಬರುವವರು ತಟ್ಟಬೇಕಾಗಿರಲಿಲ್ಲ.

ಕಲ್ಲು ಎತ್ತಲು ಮಗಳನ್ನು ಕರೆದರು. ಕಾಲೇಜಿನ ಹುಡುಗಿ, ಕೂದಲನ್ನು ಮೇಲಕ್ಕೆ ಗಂಟು ಹಾಕಿಕೊಂಡು ಬಂದಳು. ಗೋಡೆ ನೋಡಿದಳು, ಅಮ್ಮನನ್ನು ನೋಡಲಿಲ್ಲ.

"ನಿನಗೂ ಗೊತ್ತಿತ್ತೇನೇ?"

"ಅಪ್ಪ ಹೇಳಬೇಡ ಅಂದ್ರು. ನಿನಗೆ ಬೇಜಾರಾಗುತ್ತೆ ಅಂತ." ಕೂದಲ ಗಂಟನ್ನು ಬಿಗಿ ಮಾಡಿಕೊಂಡು, "ಬೇಜಾರಾ?" ಎಂದಳು.

"ಇಲ್ಲ."

ಮಗಳು ನೆಮ್ಮದಿಯಿಂದ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು.

ಗಂಡ ಗೋಡೆಗಳ ನೆತ್ತಿಯ ಮೇಲೆ ಕಲಸಿದ ಸಿಮೆಂಟನ್ನು ಕರಣೆಯಿಂದ ಹರಡಿದ. ಕಲ್ಲು ಹಿತ್ತಿಲ ಗೋಡೆಗೆ ಒರಗಿತ್ತು. ನಾಲ್ಕು ಮೂಲೆಗೆ ನಾಲ್ಕು ಜನ ಬೇಕು. ಮನೆಯಲ್ಲಿದ್ದವರು ನಾಲ್ಕೇ ಜನ. ಅವಳು ಕೈ ಹಾಕದಿದ್ದರೆ ಕಲ್ಲು ಇಂದು ಏರುವುದಿಲ್ಲ. ಸಿಮೆಂಟು ಇದ್ದಲ್ಲೇ ಒಣಗುತ್ತದೆ, ಇನ್ನೊಂದು ಚೀಲ ಬರುವವರೆಗೆ ಕೆಲಸ ನಿಲ್ಲುತ್ತದೆ, ಅಷ್ಟು ದಿನ ಎಲ್ಲರೂ ಅವಳ ಜೊತೆ ಮಾತಾಡಬೇಕಾಗುತ್ತದೆ. ಕಲ್ಲು ಒಮ್ಮೆ ಕೂತರೆ ಆಯಿತು. ಒಡೆಯದೆ ಅದನ್ನು ಯಾರೂ ಎಬ್ಬಿಸಲಾರರು.

ಮೂವರೂ ತಂತಮ್ಮ ಮೂಲೆ ಹಿಡಿದರು. ಅವಳನ್ನು ಯಾರೂ ಕರೆಯಲಿಲ್ಲ. ಗಂಡ "ಹೂಂ" ಎಂದ. ಮೂರು ಮೂಲೆ ಮೇಲೆದ್ದವು. ನಾಲ್ಕನೆಯದು ನೆಲವನ್ನು ಕೆರೆಯುತ್ತ ವಾಲಿತು. ಮಗಳ ಹಿಡಿತ ಜಾರತೊಡಗಿತು.

ಅವಳ ಕೈ ಅವಳನ್ನು ಕೇಳಲಿಲ್ಲ. ಹೋಗಿ ಹಿಡಿದುಕೊಂಡಿತು.

ಎತ್ತರದವಳಾದ್ದರಿಂದ ಉಳಿದವರ ಮಟ್ಟಕ್ಕೆ ಬರಲು ಅವಳು ಮಂಡಿ ಮಡಿಸಿ, ಬೆನ್ನು ಬಾಗಿಸಿ ನಡೆಯಬೇಕಾಯಿತು. ಹಿತ್ತಿಲ ಬಾಗಿಲು ದಾಟುವಾಗ ನಾದಿನಿ, "ಮೆತ್ತಗೆ ಅತ್ತಿಗೆ, ನೀವು ಎತ್ತಿದರೆ ಭಾರವೆಲ್ಲ ನಮ್ಮ ಕಡೆ ಬರುತ್ತೆ" ಎಂದಳು. ಅವಳು ಇನ್ನಷ್ಟು ಬಗ್ಗಿದಳು. ಕಲ್ಲು ಸಿಮೆಂಟಿನ ಮೇಲೆ ಇಳಿದು ಒಮ್ಮೆ ನಿಟ್ಟುಸಿರಿಟ್ಟ ಹಾಗೆ ಸದ್ದು ಮಾಡಿತು.

ಗಂಡ ರಸಮಟ್ಟವನ್ನು ಕಲ್ಲಿನ ಮೇಲಿಟ್ಟು ಗಾಜಿನೊಳಗಿನ ಗುಳ್ಳೆ ಎಲ್ಲಿ ನಿಲ್ಲುತ್ತದೆ ಎಂದು ನೋಡಿದ. ಮೂರು ಕಡೆ ಸರಿ. ಕಿಟಕಿಯ ಕಡೆಯ ಮೂಲೆ ಎದ್ದಿತ್ತು. ಸುತ್ತಿಗೆಯ ಹಿಡಿಯಿಂದ ತಟ್ಟಿದ. ಕೂರಲಿಲ್ಲ. ಮರಳಿನ ಬಕೆಟ್ ಇಟ್ಟ. ಗ್ಯಾಸ್ ಸಿಲಿಂಡರ್ ಉರುಳಿಸಿ ತಂದು ಎತ್ತಿಟ್ಟ. ಗುಳ್ಳೆ ನಡುವಿನ ಹತ್ತಿರ ಬಂದು ನಿಂತಿತು; ನಡುವಿಗೆ ಬರಲಿಲ್ಲ.

"ಇನ್ನೂ ಸ್ವಲ್ಪ ಭಾರ ಬೇಕು. ಸಿಮೆಂಟು ಹಿಡಿಯೋವರೆಗೆ."

"ಅಮ್ಮ ಕೂತ್ಕೊಳ್ಳಲಿ," ಮಗಳು ಹೇಳಿದಳು.

ಅದರಲ್ಲಿ ಕೊಂಕಿರಲಿಲ್ಲ. ಎಲ್ಲರಿಗೂ ಅದು ಸರಿಯೆನಿಸಿತು. ಗಂಡ ಸಿಲಿಂಡರನ್ನು ಸ್ವಲ್ಪ ಸರಿಸಿ ಜಾಗ ಮಾಡಿದ. ನಾದಿನಿ ಸೆರಗಿನಿಂದ ಕಲ್ಲಿನ ಧೂಳು ಒರೆಸಿದಳು. ಅವಳು ಕೂತಳು. ಗಂಡ ಗುಳ್ಳೆ ನೋಡಿ ತಲೆಯಾಡಿಸಿದ. ಬಹಳ ದಿನಗಳ ನಂತರ ಅವನ ಮುಖದಲ್ಲಿ ತೃಪ್ತಿ ಕಂಡಿತು.

"ಅಲ್ಲಾಡಬೇಡ," ಎಂದ.

ಮೂವರೂ ಕೈ ತೊಳೆದುಕೊಂಡು ಮುಂದಿನ ಕೋಣೆಗೆ ಹೋದರು. ಕ್ಯಾರಿಯರ್ ಬಿಚ್ಚಿದ ಸದ್ದು, ತಟ್ಟೆ ಇಟ್ಟ ಸದ್ದು, ಮಗಳು ಏನಕ್ಕೋ ನಕ್ಕದ್ದು. "ನಿಮಗೆ ತೆಗೆದಿಟ್ಟಿದ್ದೀನಿ ಅತ್ತಿಗೆ," ನಾದಿನಿ ಕೂಗಿ ಹೇಳಿದಳು. ಆಮೇಲೆ ಅವರ ಮಾತು ಊಟದ ಡಬ್ಬಿಗಳ ಕಡೆ, ಬೆಳಿಗ್ಗೆ ಯಾರು ಬೇಗ ಏಳಬೇಕು ಎಂಬುದರ ಕಡೆ ಹೋಯಿತು.

ಕಟ್ಟೆ ತಗ್ಗಾಗಿದ್ದುದರಿಂದ ಕೂತಲ್ಲಿಂದಲೇ ಅವಳ ಪಾದಗಳು ನೆಲಕ್ಕೆ ಊರಿದ್ದವು. ಎದ್ದು ಹೋಗಲು ಏನೂ ಕಷ್ಟವಿರಲಿಲ್ಲ. ಹಿತ್ತಿಲ ಬಾಗಿಲು ತೆರೆದೇ ಇತ್ತು. ಬಿಸಿಲಲ್ಲಿ ಕಲ್ಲು ಒರಗಿದ್ದ ಜಾಗ ಮಾತ್ರ ಒದ್ದೆಯಾಗಿ, ಒಬ್ಬರು ಮಲಗಿ ಎದ್ದುಹೋದ ಹಾಗೆ ಕಾಣುತ್ತಿತ್ತು. ದೇವರ ಹೆಸರು ಹೇಳಲು ನೋಡಿದಳು. ಬಗ್ಗದೆ ಇದ್ದುದರಿಂದಲೋ ಏನೋ, ಬಾಯಿಗೆ ಬರಲಿಲ್ಲ.

"ಪೂರ್ತಿ ಭಾರ ಬಿಟ್ಟಿದ್ದೀಯ ತಾನೆ?" ಮುಂದಿನ ಕೋಣೆಯಿಂದ ಗಂಡನ ದನಿ, ಬಾಯಲ್ಲಿ ತುತ್ತು.

ಅವಳು ತನ್ನ ಪಾದಗಳನ್ನು ನೋಡಿದಳು. ಆಮೇಲೆ ಎರಡನ್ನೂ ನೆಲದಿಂದ ಎತ್ತಿ, ಸಿಲಿಂಡರಿನ ಪಕ್ಕ, ಗಾಳಿಯಲ್ಲಿ ಹಿಡಿದು ಕೂತಳು.

ಕಲ್ಲಿನಡಿಯಿಂದ ಹಸಿ ಸಿಮೆಂಟು ನಿಧಾನವಾಗಿ, ನಾಲಗೆಯ ಹಾಗೆ, ಹೊರಗೆ ಬರುತ್ತಿತ್ತು.