ಕಾಗದದ ಯಜಮಾನಿ

"ಕೈ ತೆಗಿಯಮ್ಮ ಮಷಿನ್ ಮೇಲಿಂದ! ಕಿವಿ ಕೇಳ್ಸಲ್ವಾ? ತೆರಿಗೆ ಕಟ್ಟದೆ ತಿಂದು ತೇಗಿ, ಈಗ ಅಳೋದು ಬೇರೆ!"

ಓಕ್‌ಬುನ್ ಅಳ್ತಿರಲಿಲ್ಲ. ಇಸ್ತ್ರಿಯ ಹಬೆ ಕಣ್ಣಿಗೆ ಹೊಡೆದಿತ್ತು, ಅಷ್ಟೆ. ಕೈ ತೆಗೆದಳು. ತೆರಿಗೆ ಕಚೇರಿಯ ಪ್ಯೋ ಅನ್ನೋ ಅಧಿಕಾರಿ ಅಂಗೈಯಗಲದ ಕೆಂಪು ಜಪ್ತಿ ಚೀಟಿನ ಅವಳ ಹೊಲಿಗೆ ಮಷಿನ್ ನೆತ್ತಿಗೆ ಪಟ್ ಅಂತ ಅಂಟಿಸಿದ. ಅದು ಅಂಗಡಿ ಮಷಿನ್ ಅಲ್ಲ. ಹನ್ನೊಂದು ವರ್ಷದ ಹಿಂದೆ ಸ್ವಂತ ಕೂಲಿಯಲ್ಲಿ ಕೊಂಡು, ಚಾಂಗ್‌ಸಿನ್ ಗುಡ್ಡದ ಮೆಟ್ಟಿಲಲ್ಲಿ ಬೆನ್ನ ಮೇಲೆ ಹೊತ್ತು ತಂದಿದ್ದು. ಕೆಲಸ ಬಿಟ್ಟು ಬೇರೆ ಕಡೆ ಹೋದಾಗೆಲ್ಲ ಅದೂ ಅವಳ ಜೊತೆ ಹೋಗ್ತಿತ್ತು.

"ಸಾಹೇಬ್ರೇ, ಇದು ನಂದು."

"ಹೌದಲ್ಲ, ನಿಂದೇ. ಅಂಗಡಿ ನಿಂದು, ಹೆಸರು ನಿಂದು, ಬಾಕಿ ನಿಂದು. ಅದಕ್ಕೇ ಅಂಟಿಸ್ತಿರೋದು. ಚೀಟಿ ಕಿತ್ತರೆ ಜೈಲು, ನೆನಪಿರ್ಲಿ."

ಪಕ್ಕದ ಮಷಿನ್ನಿನ ಮಲ್‌ಸುನ್ ಮೊಣಕೈಯಲ್ಲಿ ತಿವಿದಳು. "ಬಾಯಿ ಬಿಟ್ಟು ಹೇಳಕ್ಕ! ಆ ಮುಂಡೇದು ಅಲ್ಲೇ ನಿಂತೈತೆ ನೋಡು."

ಬಾಗಿಲ ಹತ್ರ ಕಾಗದದ ಲೋಟದಲ್ಲಿ ಕಾಫಿ ಹೀರ್ತಾ ನಿಂತಿದ್ದೋನು ಮಾ ಸೊಕ್‌ಚುಲ್. ನಿಜವಾದ ಯಜಮಾನ ಅವನೇ. ಏಳು ವರ್ಷದ ಹಿಂದೆ, "ನನ್ನ ಹೆಸರಿಗೆ ಹಳೇ ತಂಟೆ ಐತೆ, ನಿನ್ನ ಹೆಸರಿನ ಮೊಹರು ಕೊಡು, ಬರೀ ಕಾಗದಕ್ಕೆ" ಅಂದಿದ್ದ. ಓಕ್‌ಬುನ್ ಸಹಿ ಬದಲು ಒತ್ತೋ ಆ ಮೊಹರು ಕೊಟ್ಟಿದ್ದಳು, ಅಂಗಡಿ ಅವಳ ಹೆಸರಿಗಾಯ್ತು. ಆ ಗುಡ್ಡದಲ್ಲಿ ಅದೇನು ಹೊಸದಲ್ಲ, ಎಷ್ಟೋ ಅಂಗಡಿಗಳ ಯಜಮಾನಿಯರು ಮೂಲೇಲಿ ಕೂತು ಕಾಲರ್ ಹೊಲೀತಿದ್ರು!

ಪ್ಯೋ ಬಾಗಿಲ ಕಡೆ ತಿರುಗಿದ. "ನೀವ್ಯಾರು?"

"ನಾನಾ? ಪರಿಚಯದೋನು ಸಾರ್. ದಾರೀಲಿ ಹೋಗ್ತಿದ್ದೆ, ಗಲಾಟೆ ಕೇಳ್ತು."

ನಾಲ್ಕೂ ಮಷಿನ್ನಿಗೆ ಚೀಟಿ ಬಿತ್ತು. ಆಮೇಲೆ ಪ್ಯೋ ಹಿಂದಿನ ಕೋಣೆಯ ಬೀಗ ಹಿಡಿದು ಜಗ್ಗಿದ. "ಇದರೊಳಗೇನು?"

"ಹಳೇ ಚಿಂದಿ ಸಾರ್," ಅಂದ ಮಾ, ದಾರೀಲಿ ಹೋಗ್ತಿದ್ದೋನು. ಅಂದವನೇ ಸರಸರ ಬಂದು ಓಕ್‌ಬುನ್ ಕಿವಿಗೆ ಬಗ್ಗಿದ. "ಬಾಯಿ ಮುಚ್ಕೊಂಡಿರೇ ಮುದಿ ಲೌಡಿ. ಆ ಕೋಟು ಉಳಿದ್ರೆ ಬೇರೆ ಕಡೆ ಅಂಗಡಿ ಹಾಕ್ತೀನಿ. ನಿನಗೂ ಕೆಲಸ ಐತೆ."

ಕೋಟು ಅಂದ್ರೆ ಆ ಬೀಗದೊಳಗಿದ್ದ ಚಳಿಗಾಲದ ನಾನೂರು ಕೋಟು. ಮೂರು ವಾರ ನಾಲ್ಕು ಜನ ಹೊಲಿದಿದ್ರು. ಕೂಲಿ ಇನ್ನೂ ಬಂದಿರಲಿಲ್ಲ.

"ಹೊಸ ಅಂಗಡಿ ಯಾರ ಹೆಸರಲ್ಲಿ ಹಾಕ್ತೀಯ?" ಅಂತ ಕೇಳಿದಳು.

"ಮಲ್‌ಸುನ್ ಇದಾಳಲ್ಲ. ಮಾತಾಡಾಯ್ತು, ಮೊಹರು ಕೊಡ್ತಾಳೆ."

ಓಕ್‌ಬುನ್ ಮಲ್‌ಸುನ್ ಮುಖ ನೋಡಿದಳು. ಮಲ್‌ಸುನ್ ತಲೆ ತಗ್ಗಿಸಿದಳು.

ಓಕ್‌ಬುನ್ ಪ್ಯೋ ಕಡೆ ತಿರುಗಿದಳು. "ಸಾಹೇಬ್ರೇ, ಬೀಗ ಒಡೆಯೋ ಅಧಿಕಾರ ಐತಾ ನಿಮಗೆ?"

"ಕಾನೂನೇ ಕೊಟ್ಟೈತೆ. ಯಜಮಾನರೇ ತೆಗೆದ್ರೆ ಇನ್ನೂ ಒಳ್ಳೇದು."

"ಯಜಮಾನಿ ನಾನೇ ತಾನೇ?"

ಬಟ್ಟೆ ಕತ್ತರಿಸುವಾಗ ಜರುಗದ ಹಾಗೆ ಇಡೋ ಕಬ್ಬಿಣದ ಗಟ್ಟಿ ಮೇಜಿನ ಮೇಲಿತ್ತು. ಎರಡೂ ಕೈಯಲ್ಲೆತ್ತಿ ಬೀಗಕ್ಕೆ ಕುಕ್ಕಿದಳು. ಇನ್ನೊಂದ್ಸಲ. ಮೂರನೇ ಏಟಿಗೆ ಚಿಲಕದ ಸಮೇತ ಕಿತ್ತು ಬಂತು. ಒಳಗೆ ಚಾವಣಿ ತನಕ ಕೋಟುಗಳು.

"ಏಯ್ ದರಿದ್ರ ಮುಂಡೆ! ನನ್ನ ಕೋಟು! ನನ್ನವು ಕಣೇ ಅವು!" ಮಾ ಅವಳ ಕೂದಲಿಗೇ ಕೈ ಹಾಕಿದ.

ಪ್ಯೋ ಪೆನ್ನು ಎತ್ತಿದ. "ನಿಮ್ಮವಾ? ಹಾಗಾದ್ರೆ ಅಂಗಡೀನೂ ನಿಮ್ಮದೇ, ಬಾಕೀನೂ ನಿಮ್ಮದೇ. ಬರ್ಕೊಳ್ಲಾ?"

ಮಾ ಕೈ ಸಡಿಲಾಯ್ತು. ಕೋಟು ನೋಡಿದ, ಪೆನ್ನು ನೋಡಿದ.

"...ಇಲ್ಲ ಸಾರ್. ಅವಳವೇ."

"ಹಂಗಾದ್ರೆ ನನ್ನ ಅಂಗಡಿಯಿಂದ ಆಚೆ ನಡಿಯೋ ಬೋಳಿಮಗನೇ!" ಅಂದಳು ಓಕ್‌ಬುನ್.

ಅವನು ಇಳಿದು ಹೋದ. ಮೆಟ್ಟಿಲ ಕೊನೆತನಕ ಅವನ ಬೈಗುಳ ಕೇಳಿಸ್ತಾನೇ ಇತ್ತು.

ಪ್ಯೋ ಕೋಟುಗಳ ಕಟ್ಟುಗಳಿಗೂ ಚೀಟಿ ಅಂಟಿಸಿದ. ಓಕ್‌ಬುನ್ ಅವನ ಬೆನ್ನ ಹಿಂದೆ ನಿಂತಳು.

"ಇವನ್ನ ಮಾರಿದ್ರೆ ನನ್ನ ಮಷಿನ್ ಉಳೀತೈತಾ?"

"ಇಲ್ಲಮ್ಮ. ಬಡ್ಡಿ, ದಂಡ ಎಲ್ಲ ಸೇರೈತೆ. ಇವು ಅರ್ಧಕ್ಕೂ ಸಾಲಲ್ಲ." ಆವತ್ತು ಮೊದಲನೇ ಸಲ ಅವನ ದನಿ ತಗ್ಗಿತ್ತು. "ಅವನೇ ಯಜಮಾನ ಅನ್ನೋದಕ್ಕೆ ಏನಾದ್ರೂ ಕಾಗದ ಐತಾ?"

"ಕಾಗದ ಎಲ್ಲ ನನ್ನ ಹೆಸರಲ್ಲೇ ಐತೆ."

ಓಕ್‌ಬುನ್ ಬಂದು ತನ್ನ ಸ್ಟೂಲ್ ಮೇಲೆ ಕೂತಳು. ಸ್ವಿಚ್ ಹಾಕಿ ಕಾಲು ಒತ್ತಿದಳು.

"ಏಯ್, ಮುಟ್ಟೋ ಹಂಗಿಲ್ಲ!"

"ಮುಟ್ಟಿದೀನಿ. ಅದನ್ನೂ ಬರ್ಕೊ."

ಸೂಜಿ ಕೆಳಗೆ ಬಟ್ಟೆ ಇರಲಿಲ್ಲ, ಸೂಜೀಲಿ ದಾರಾನೂ ಇರಲಿಲ್ಲ. ಮಲ್‌ಸುನ್ ಮೂಗು ಒರೆಸಿಕೊಂಡು ತಾನೂ ಕಾಲು ಒತ್ತಿದಳು. ಆಮೇಲೆ ಉಳಿದಿಬ್ಬರು. ಪ್ಯೋ ಬಾಯಿ ಆಡ್ತಾನೇ ಇತ್ತು, ಏನಂದ ಅಂತ ಯಾರಿಗೂ ಕೇಳಿಸಲಿಲ್ಲ. ನಾಲ್ಕು ಸೂಜಿಗಳು ತಲೆ ತಗ್ಗಿಸಿ, ತಲೆ ಎತ್ತಿ, ಬರೀ ಗಾಳಿ ಹೊಲೀತಾ ಇದ್ವು.